ಇಪ್ಪತ್ತೊಂಬತ್ತನೆಯ ತಿರುಪು

ಹೊಳೆಯನ್ನು ಡಬ್ಬಿಯಲ್ಲಿ ತುಂಬಿಡಬಹುದೇ? ಇಡಬಹುದು ಅನ್ನುತ್ತಾರೆ ನೀರಿನ ಇಲಾಖೆಯವರು. ಎರೆಹೊಳೆಯ ನಿಯಂತ್ರಣ ಕೇಂದ್ರದ ಎರಡನೆಯ ಮಹಡಿಯಲ್ಲಿ, ಜೋಳದ ಡಬ್ಬಿಗಿಂತ ಒಂದಿಷ್ಟು ದೊಡ್ಡದಾದ ಕಪ್ಪು ಪೆಟ್ಟಿಗೆಯೊಳಗೆ, ಇನ್ನೂರು ಚಿಲ್ಲರೆ ಕಿಲೋಮೀಟರಿನ ಹೊಳೆ, ಅದಕ್ಕೆ ಸೇರುವ ಹನ್ನೊಂದು ಹಳ್ಳ, ಆಚೀಚೆಯ ಎರೆಹೊಲ ಎಲ್ಲವೂ ಅಂಕಿಗಳಾಗಿ ಕೂತಿದ್ದವು. ಮೇಲಿನ ಊರುಗಳಲ್ಲಿ ಇಂತಿಷ್ಟು ಮಳೆಯಾಯಿತು ಅಂತ ಹೇಳಿದರೆ, ಕೆಳಗಿನ ಯಾವ ಊರಿಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಬರುತ್ತದೆ ಅಂತ ಆ ಪೆಟ್ಟಿಗೆ ಹೇಳಬೇಕು.

ಹೇಳುವುದೇನೋ ಹೇಳುತ್ತದೆ, ಸರಿಯಾಗಿ ಹೇಳಬೇಕಲ್ಲ! ಎರೆಮಣ್ಣು ಭಾರಿ ಕಿಲಾಡಿ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದಿರುತ್ತದೆ. ಮೊದಲಿನ ಎರಡು ಮಳೆ ಗಟಗಟ ಕುಡಿದು, ಮೂರನೆಯದಕ್ಕೆ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ. ಆಮೇಲೆ ಬಿದ್ದದ್ದೆಲ್ಲ ಹೊಳೆಗೆ. ಆ ಬಾಯಿ ಎಂದು ಮುಚ್ಚುತ್ತದೆ? ಬಿಸಿಲು ಎಷ್ಟು ನೀರು ಒಯ್ಯುತ್ತದೆ? ಇಳಿಜಾರಿನಲ್ಲಿ ನೀರಿನ ಓಟವೆಷ್ಟು? ಇಂಥ ಇಪ್ಪತ್ತೆಂಟು ಪ್ರಶ್ನೆಗಳಿಗೆ ಪೆಟ್ಟಿಗೆಯೊಳಗೆ ಇಪ್ಪತ್ತೆಂಟು ತಿರುಪುಗಳು. ಹಿಂದೆ ಎಂಜಿನಿಯರುಗಳು ತಿಂಗಳುಗಟ್ಟಲೆ ಕೂತು ಒಂದೊಂದನ್ನೇ ತಿರುವಿ, ಪೆಟ್ಟಿಗೆಯ ಹೊಳೆ ನಿಜವಾದ ಹೊಳೆಯಂತೆ ಹರಿಯುವ ತನಕ ಗುದ್ದಾಡುತ್ತಿದ್ದರು. ಈಗ ಆ ಕೆಲಸವನ್ನು ಒಂದು ಯಂತ್ರಬುದ್ಧಿ ತಾನೇ ಮಾಡುತ್ತಿತ್ತು. ದಿನಕ್ಕೆ ಲಕ್ಷ ಸಲ ತಿರುಪು ತಿರುವಿ, ನಲವತ್ತು ವರ್ಷದ ಅಳತೆಗಳ ಜೊತೆ ಹೋಲಿಸಿ, ತಪ್ಪಿದ್ದರೆ ಮತ್ತೆ ತಿರುವುತ್ತಿತ್ತು. ಅದಕ್ಕೆ 'ಹದ' ಅಂತ ಹೆಸರಿಟ್ಟವರು ಕೇಂದ್ರದ ಹಿರಿಯ ಎಂಜಿನಿಯರ್ ಇಮಾಮಸಾಬ ನದಾಫರು.

"ರೊಟ್ಟಿ ಹಿಟ್ಟಿಗೆ ಎಷ್ಟು ನೀರ ಹಾಕಬೇಕಂತ ಯಾವ ಪುಸ್ತಕದಾಗ ಬರದದ? ಕೈ ಹೇಳತದ. ಇದೂ ಹಂಗ," ಎನ್ನುತ್ತಿದ್ದರು ಅವರು.

ಈ ಹದವನ್ನು ನೋಡಿಕೊಳ್ಳುವವಳು ದಾನೇಶ್ವರಿ. ಮೂವತ್ತೆರಡರ ಹೆಣ್ಣುಮಗಳು, ಏಳು ತಿಂಗಳ ಕೂಸಿನ ತಾಯಿ, ಬಾಣಂತಿ ರಜೆ ಮುಗಿಸಿ ಬಂದು ಮೂರೇ ವಾರವಾಗಿತ್ತು. ಯಾವುದನ್ನೂ 'ಇರಲಿ ಬಿಡು' ಅಂತ ಬಿಡುವ ಜಾಯಮಾನವೇ ಅವಳದಲ್ಲ. ಚಿಕ್ಕವಳಿದ್ದಾಗ ಮನೆಯ ಗಡಿಯಾರ ಬಿಚ್ಚಿ ಏಟು ತಿಂದವಳು. ರಜೆಗೆ ಹೋಗುವ ಮುಂಚೆ ಅವಳು ಹದಕ್ಕೆ ಒಂದು ಸಲಿಗೆ ಕೊಟ್ಟು ಹೋಗಿದ್ದಳು: ಇಪ್ಪತ್ತೆಂಟರಲ್ಲಿ ಹೊಂದದಿದ್ದರೆ ನೀನೇ ಒಂದು ಹೊಸ ತಿರುಪು ಮಾಡಿಕೋ. ಬಂದು ನೋಡುತ್ತಾಳೆ, ಅದು ಮಾಡಿಕೊಂಡು ಕೂತಿದೆ! ಇಪ್ಪತ್ತೊಂಬತ್ತನೆಯ ತಿರುಪು. ಅದು ಬಂದಮೇಲೆ ಪೆಟ್ಟಿಗೆಯ ಹೊಳೆಯೂ ನಿಜದ ಹೊಳೆಯೂ ಒಂದೇ ಅಚ್ಚಿನಲ್ಲಿ ಹರಿಯುತ್ತಿದ್ದವು. ಆದರೆ ಅದು ಏನು, ಯಾತಕ್ಕೆ ಅಂತ ಹದಕ್ಕೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.

ಗೊತ್ತಿದ್ದದ್ದು ಇಷ್ಟು. ಆ ತಿರುಪು ಇಡೀ ಹೊಳೆಯಲ್ಲಿ ಮೆಟ್ಟಿನಾಳ ಅನ್ನುವ ಒಂದೇ ಊರಿನಲ್ಲಿ ಕೆಲಸ ಮಾಡುತ್ತಿತ್ತು. ಹೊಳೆ ಏರುವಾಗ ಮಾತ್ರ ಅಲ್ಲಿಯ ನೀರಿನ ಮಟ್ಟಕ್ಕೆ ಹತ್ತೊಂಬತ್ತು ಸೆಂಟಿಮೀಟರ್ ಸೇರಿಸುತ್ತಿತ್ತು. ಇಳಿಯುವಾಗ ಏನೂ ಇಲ್ಲ, ತೆಪ್ಪಗಿರುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ, ಇಪ್ಪತ್ತೆರಡು ವರ್ಷಗಳಿಗಿಂತ ಹಿಂದಿನ ಅಳತೆಗಳಿಗೆ ಅದು ಸೇರಿಸುತ್ತಿದ್ದದ್ದು ಇಪ್ಪತ್ತಮೂರು.

"ಏರೂ ನೀರಿನ ನಡಿಗಿ ಬ್ಯಾರೆ, ಇಳಿಯೂ ನೀರಿನ ನಡಿಗಿ ಬ್ಯಾರೆ. ಅದ ಇರಬೇಕು ತಂಗೀ," ಎಂದರು ನದಾಫರು.

"ಅದಾಗಿದ್ರ ಸಣ್ಣ ನೀರಿಗೆ ಕಡಿಮಿ, ದೊಡ್ಡ ನೀರಿಗೆ ಹೆಚ್ಚ ಆಗಬೇಕಲ್ಲ ಸರ್? ಇದು ಯಾವಾಗ ನೋಡಿದ್ರೂ ಹತ್ತೊಂಬತ್ತ. ಕಲ್ಲಾಗ ಕೆತ್ತಿದಂಗ."

ಆ ತಿರುಪನ್ನು ಕಿತ್ತು ನೋಡಿದಳು. ಹದ ಒದ್ದಾಡಿಹೋಯಿತು. ಲೆಕ್ಕ ಸರಿದೂಗಿಸಲು ಮೆಟ್ಟಿನಾಳದ ಮೇಲಿನ ಹೊಲಗಳಲ್ಲಿ ನಲವತ್ತು ಅಡಿ ಆಳದ ಬಿರುಕುಗಳಿವೆ ಅಂದಿತು. ಕೆಳಗಡೆ ಎಲ್ಲಿಂದಲೋ ಬುಗ್ಗೆ ಉಕ್ಕುತ್ತದೆ ಅಂದಿತು. ಸುಳ್ಳಿನ ಮೇಲೆ ಸುಳ್ಳು. ಅಷ್ಟಾದರೂ ದೊಡ್ಡ ನೀರು ಬಂದಾಗ ಅದರ ಅಂದಾಜು ಕಡಿಮೆಯೇ ಬೀಳುತ್ತಿತ್ತು. ಮೆಟ್ಟಿನಾಳದಲ್ಲಿ ಹೊಳೆ ಮುನ್ನೂರು ಮೀಟರ್ ಅಗಲ. ಅಷ್ಟಗಲಕ್ಕೆ ಹತ್ತೊಂಬತ್ತು ಸೆಂಟಿಮೀಟರ್ ಅಂದರೆ ಸೆಕೆಂಡಿಗೆ ನೂರಾ ಹತ್ತು ಘನಮೀಟರ್ ನೀರು. ಅಷ್ಟು ನೀರು ಲೆಕ್ಕ ತಪ್ಪಿದರೆ ಮುಳುಗುವುದು ಕಾಗಿಗಡ್ಡಿ.

ಕಾಗಿಗಡ್ಡಿ ಅಂದರೆ, ಮೆಟ್ಟಿನಾಳದ ಕೆಳಗೆ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜಿನ ಆಚೆಯ ನಡುಗಡ್ಡೆ. ಮುನ್ನೂರಾ ಹತ್ತು ಜನ, ದನಕರು, ಬದನೆ-ಮೆಣಸಿನಕಾಯಿಯ ತೋಟಗಳು. ಸೇತುವೆಯಿಲ್ಲ. ದೋಣಿಯಲ್ಲಿ ಎಲ್ಲರನ್ನೂ ದಡಕ್ಕೆ ತರಲು ಎರಡು ತಾಸು ಬೇಕು. ಹಿಂದಿನ ಎರಡು ಮಹಾಪೂರಗಳಲ್ಲಿ ಹಳೆಯ ಲೆಕ್ಕ 'ಹೆದರಬೇಡಿ' ಅಂದಿತ್ತು, ಗಡ್ಡಿ ಮುಳುಗಿತ್ತು. ಅದಕ್ಕೇ ಸರ್ಕಾರ ಸೆಪ್ಟೆಂಬರಿನ ಹುಬ್ಬಿ ಮಳೆಗಿಂತ ಮುಂಚೆ ಬ್ಯಾರೇಜಿನ ಗೇಟುಗಳನ್ನೂ ಗಡ್ಡಿಯ ಸೈರನ್ನನ್ನೂ ಹದದ ಕೈಗೆ ಕೊಡುವುದೆಂದು ತೀರ್ಮಾನಿಸಿತ್ತು. ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಿತ್ತು, ಒಂದು ಷರತ್ತಿನ ಮೇಲೆ: ಹೆಸರಿಲ್ಲದ ತಿರುಪು ಒಂದೂ ಇರಕೂಡದು. ಅದು ಏನೆಂದು ಹೇಳಿ, ಇಲ್ಲವೇ ಕಿತ್ತುಹಾಕಿ.

"ಇನ್ನ ಹನ್ನೆರಡ ದಿನ," ಎಂದರು ನದಾಫರು. "ಅಷ್ಟರಾಗ ಅದಕ್ಕೊಂದು ಹೆಸರಿಡವಾ ತಾಯಿ. ಕೂಸಿಗೆ ಹೆಸರಿಟ್ಟಾಕಿ, ಇದಕ್ಕ ಇಡಲಿಕ್ಕಾಗೂದಿಲ್ಲೇನು?"

*

ಮೆಟ್ಟಿನಾಳಕ್ಕೆ ಜೀಪು ಮುಟ್ಟಿದಾಗ ಬೆಳಗಿನ ಹತ್ತು. ಹೊಳೆಗೆ ಇಳಿಯುವ ಹಳೆಯ ಕಲ್ಲಿನ ಮೆಟ್ಟಿಲುಗಳ ಬದಿಯಲ್ಲಿ ಅಳತೆಯ ಕಂಬ ನಿಂತಿತ್ತು. ಬಿಳಿ ತಗಡು, ಅದರ ಮೇಲೆ ಸೆಂಟಿಮೀಟರಿನ ಕರಿಗೆರೆಗಳು. ಇಲಾಖೆ ಇಲ್ಲಿ ಮೂರು ಸಲ ಸೆನ್ಸರ್ ಕೂಡಿಸಿತ್ತು. ಮೂರನ್ನೂ ಎರೆಹೊಳೆಯ ಕೆಸರು ನುಂಗಿ ನೀರು ಕುಡಿದಿತ್ತು. ಹಾಗಾಗಿ ಇನ್ನೂ ಮನುಷ್ಯರೇ ನೋಡಿ, ಒಂದು ಪುಟ್ಟ ಯಂತ್ರದಲ್ಲಿ ಅಂಕಿ ಒತ್ತಿ ಕಳಿಸಬೇಕಿತ್ತು. ಅದು ಅಂಕಿಯನ್ನು ನೇರ ಉಪಗ್ರಹಕ್ಕೆ ಕಳಿಸುತ್ತದೆ; ಮಾತು ಗೀತು ಒಯ್ಯುವುದಿಲ್ಲ.

ದಾನೇಶ್ವರಿ ದುರ್ಬೀನಿನ ಯಂತ್ರ ಹೂಡಿ ಕಂಬದ ಬುಡ ನೋಡಿದಳು. ಕೂದಲೆಳೆಯಷ್ಟೂ ಜಾರಿಲ್ಲ, ವಾಲಿಲ್ಲ. ಅಷ್ಟರಲ್ಲಿ ಅಂಗೈಯಗಲದ ಕುಂಕುಮದ, ಗಿಡ್ಡ ಮೈಯ ಒಬ್ಬ ಮುದುಕಿ ಮೆಟ್ಟಿಲಿಳಿದು ಬಂದಳು. ಅವಳೇ ಚಂದ್ರವ್ವ ಅಂಬಿಗೇರ, ಇಲ್ಲಿಯ ನೀರಿನ ಮಟ್ಟ ನೋಡುವವಳು.

"ಬರ್ರಿ ಅಕ್ಕಾರ. ಕಂಬ ಖರೇ ಐತೋ ಸುಳ್ಳ ಐತೋ ನೋಡಾಕ ಬಂದಿರೇನು?"

"ಖರೇ ಅದ ಯವ್ವಾ. ನೀವು ಎಷ್ಟ ವರ್ಷ ಆತು ನೋಡಾಕತ್ತಿ?"

"ನನ್ನ ಮನಿಯವರು ನೋಡತಿದ್ರು. ಅವರು ಹೋಗಿ ಇಪ್ಪತ್ತೆರಡ ವರ್ಸ ಆತ್ರಿ. ಆವಾಗಿಂದ ನಾನ."

ದಾನೇಶ್ವರಿಯ ಕಿವಿ ನೆಟ್ಟಗಾದವು. ಇಪ್ಪತ್ತೆರಡು ವರ್ಷ! ಇಪ್ಪತ್ತಮೂರು ಹೋಗಿ ಹತ್ತೊಂಬತ್ತು ಆದದ್ದೂ ಆಗಲೇ. ಹಾಗಾದರೆ ಗುಟ್ಟು ಕಂಬದಲ್ಲಿಲ್ಲ, ಓದುವವರಲ್ಲಿದೆ. ಮುದುಕಿಯ ಕಣ್ಣು ಮಂಜೋ? ಅವಳೆದುರೇ ಪರೀಕ್ಷೆ ಮಾಡಿದಳು. ಚಂದ್ರವ್ವ ನೀರಿನಂಚಿಗೆ ಬಗ್ಗಿ, "ಎರಡು ಮೂವತ್ತಾರು," ಅಂದಳು. ದಾನೇಶ್ವರಿ ತಾನೂ ಬಗ್ಗಿ ನೋಡಿದಳು: ಎರಡು ಮೀಟರ್ ಮೂವತ್ತಾರು, ಒಂದು ಗೆರೆಯೂ ತಪ್ಪಿಲ್ಲ. ನಾಲ್ಕು ದಿನದಿಂದ ಹೊಳೆ ಇಳಿಯುತ್ತಿತ್ತು. ಹಳೆಯ ವಹಿಗಳನ್ನೂ ತೆಗೆಸಿದಳು. ಮುತ್ತು ಪೋಣಿಸಿದಂಥ ಅಕ್ಷರ, ಒಂದು ದಿನವೂ ಖಾಲಿಯಿಲ್ಲ. ಗಂಡ ಸತ್ತ ದಿನವೂ ಮೂರು ಹೊತ್ತಿನ ಅಳತೆ ಬರೆದಿತ್ತು. ಇಂಥವಳನ್ನು ಅನುಮಾನಿಸಿದೆನಲ್ಲ ಅಂತ ದಾನೇಶ್ವರಿಗೆ ನಾಚಿಕೆಯಾಯಿತು.

ಊಟ ಮಾಡದೆ ಹೋಗಲು ಬಿಡಲೇ ಇಲ್ಲ ಚಂದ್ರವ್ವ. ಬಿಸಿ ರೊಟ್ಟಿ, ಎಣ್ಣಿ ಬದನಿಕಾಯಿ ಪಲ್ಲೆ ಹಾಕಿ, "ಮೀನ ತಿನ್ನತೀರೇನ್ರಿ?" ಅಂತ ಕೇಳಿದಳು. ಇಲ್ಲ ಅಂದದ್ದಕ್ಕೆ ನಕ್ಕಳು. "ಹೊಳ್ಯಾಗಿಂದು ತಿನ್ನಲಾರದ ಹೊಳಿ ಹ್ಯಾಂಗ ಓದ್ತೀರಿ ಅಕ್ಕಾರ?"

ಹೊಟ್ಟೆ ತುಂಬಿತು, ತಲೆ ಖಾಲಿಯೇ ಉಳಿಯಿತು. ಹನ್ನೆರಡು ದಿನದಲ್ಲಿ ಎರಡು ಕಳೆದಿದ್ದವು.

*

ಗುಟ್ಟು ಒಡೆದದ್ದು ಮನೆಯಲ್ಲಿ, ಮುಂದಿನ ವಾರ, ಅದೂ ಕೂಸಿನ ತೂಕ ಮಾಡುವಾಗ.

ಆಶಾ ಕಾರ್ಯಕರ್ತೆ ಶಮಶಾದ್ ತಿಂಗಳಿಗೊಮ್ಮೆ ಕೊಕ್ಕೆಯ ತಕ್ಕಡಿ ತಂದು ಕೂಸನ್ನು ಜೋಳಿಗೆಯಲ್ಲಿ ತೂಗುತ್ತಿದ್ದಳು. ದಾನೇಶ್ವರಿ ಕಚೇರಿಗೆ ಹೋಗುವುದರಿಂದ ದಿನವೂ ಕೂಸಿನ ಉಸಾಬರಿ ಅವಳ ಅವ್ವನದು. ಅಂದು ಭಾನುವಾರ, ದಾನೇಶ್ವರಿಯೂ ಮನೆಯಲ್ಲಿದ್ದಳು. ಅವ್ವ ತಕ್ಕಡಿ ಎತ್ತಿ ಹಿಡಿದು, ಮುಳ್ಳು ನೋಡಿ, ಶಮಶಾದಳಿಗೆ ಹೇಳಿದಳು: "ಏಳು ಬರ್ಕೋ ಯವ್ವಾ."

ದಾನೇಶ್ವರಿ ಹಿಂದಿನಿಂದ ಇಣುಕಿದಳು. "ಅವ್ವಾ! ಏಳೂ ನಾನೂರ ಐತಲ್ಲ!"

ಅವ್ವ ತಿರುಗಿ ನೋಡಿದ ನೋಟಕ್ಕೆ ಹಾಲು ಒಡೆಯಬೇಕು. "ಬಾಯಿ ಮುಚ್ಚ. ಎಂ.ಟೆಕ್ ಮಾಡೀದಂತ, ಇಷ್ಟ ತಿಳಿಯೂದಿಲ್ಲ. ಬೆಳಿಯೂ ಕೂಸಿನ ತೂಕ ಯಾರರ ಬಾಯಿಬಿಟ್ಟ ಪೂರಾ ಹೇಳತಾರೇನು? ಥೂ ಥೂ."

ಶಮಶಾದ್ ಕಿಸಕ್ಕನೆ ನಕ್ಕಳು. "ಎಲ್ಲಾ ಮನ್ಯಾಗೂ ಇದ ಕತಿ ಮೇಡಂ. ಅಜ್ಜಿಗೋಳು ತಕ್ಕಡಿ ಹಿಡದ್ರ ಯಾವ ಕೂಸಿಗೂ ಮೈ ಹತ್ತೂದಿಲ್ಲ."

ದಾನೇಶ್ವರಿಗೆ ಸಿಟ್ಟೇ ಬಂತು. ಕೂಸಿನ ತೂಕ ಬರೆಯುವ ಕಾರ್ಡು ಕಸಿದುಕೊಂಡು ತಿಂಗಳ ತಿಂಗಳ ಅಂಕಿ ನೋಡಿದಳು. ಹೋದ ತಿಂಗಳು ಕೂಸಿಗೆ ಭೇದಿಯಾಗಿ ತೂಕ ಇಳಿದಿತ್ತು. ಆಗ ಆಸ್ಪತ್ರೆಯಲ್ಲಿ ತೂಗಿದ್ದಕ್ಕೂ ಕಾರ್ಡಿನಲ್ಲಿ ಅವ್ವ ಬರೆಸಿದ್ದಕ್ಕೂ ಹತ್ತು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ.

"ಆವಾಗ ಮಾತ್ರ ಖರೇ ಹೇಳೀದಿ?"

"ಇಳದದ್ದಕ್ಕ ಯಾರ ದೃಷ್ಟಿ ಬೀಳತೈತಿ?" ಅಂದಳು ಅವ್ವ, ಕೂಸಿನ ಗಲ್ಲಕ್ಕೆ ಕಾಡಿಗೆ ತೀಡುತ್ತ. "ಏರೂದನ್ನ ಕಡಿಮಿ ಹೇಳಬೇಕು. ಇಳಿಯೂದನ್ನ ಇದ್ದಂಗ ಹೇಳಬೇಕು."

ದಾನೇಶ್ವರಿಯ ಕೈಯಲ್ಲಿ ಕಾರ್ಡು ಹಾಗೇ ನಿಂತಿತು. ಏರುವಾಗ ಕಡಿಮೆ. ಇಳಿಯುವಾಗ ಇದ್ದಹಾಗೆ. ಅಯ್ಯೋ ಶಿವನೇ! ಅವಳು ಅವ್ವನ ಕೆನ್ನೆಗೆ ಲೊಚಕ್ಕನೆ ಮುತ್ತು ಕೊಟ್ಟಳು. ಅವ್ವ "ಹುಚ್ಚ ಹಿಡೀತೇನ ಇದಕ್ಕ?" ಅಂತ ಶಮಶಾದಳ ಮುಖ ನೋಡಿದಳು.

*

ಮರುದಿನ ಮೆಟ್ಟಿನಾಳದ ಮೆಟ್ಟಿಲ ಮೇಲೆ ದಾನೇಶ್ವರಿ ಸುತ್ತು ಬಳಸದೆ ಕೇಳಿದಳು: "ಯವ್ವಾ, ಹೊಳಿ ಏರೂ ಮುಂದ ಅಕಿಗೆ ಎಷ್ಟ ಬಿಡತೀರಿ?"

ಚಂದ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಂಬದ ಹತ್ತಿರ ಕೂತು, ಕಿರುಬೆರಳನ್ನು ನೀರಿನಂಚಿಗೆ ಹಚ್ಚಿ, ಬೆರಳುಗಳನ್ನು ಚಾಚಿ, ಹೆಬ್ಬೆರಳನ್ನು ಮೇಲಕ್ಕಿಟ್ಟಳು. "ಇಷ್ಟ. ಒಂದ ಗೇಣ."

ದಾನೇಶ್ವರಿ ಟೇಪು ಹಿಡಿದಳು. ಹತ್ತೊಂಬತ್ತು ಸೆಂಟಿಮೀಟರ್, ಒಂದು ಕೂದಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಅರವತ್ತು ಕಿಲೋಮೀಟರ್ ಆಚೆ ಕುಳಿತು, ಬರೀ ಅಂಕಿಗಳ ರಾಶಿಯಲ್ಲಿ ಕೈಯಾಡಿಸಿ, ಆ ಪೆಟ್ಟಿಗೆ ಈ ಮುದುಕಿಯ ಕೈ ಅಳೆದುಬಿಟ್ಟಿತ್ತು!

"ನಿಮ್ಮ ಮನಿಯವರ ಗೇಣು?"

"ಅವರದು ದೊಡ್ಡ ಕೈ. ಹುಟ್ಟ ಹಾಕೂ ಕೈ." ಚಂದ್ರವ್ವ ದಡದ ಮನೆಯೊಳಗಿನಿಂದ ದೋಣಿಯ ಹಳೆಯ ಹುಟ್ಟು ತಂದಳು. ಅದರ ಹಿಡಿಕೆಯ ಮೇಲೆ, ಮೀನು ಅಳೆಯಲೆಂದು, ಗಂಡ ತನ್ನ ಗೇಣನ್ನು ಎರಡು ಗೀರಾಗಿ ಕೊರೆದಿಟ್ಟಿದ್ದ. ಅಳೆದರೆ ಇಪ್ಪತ್ತಮೂರು.

"ಏರೂ ಹೊಳಿ ಬಸರಿ ಇದ್ದಂಗ್ರಿ ಅಕ್ಕಾರ. ತುಂಬಿದಾಕಿನ್ನ ಇಷ್ಟ ತುಂಬ್ಯಾಳ ಅಂತ ಅಳದು ಊರಿಗೆಲ್ಲಾ ಸಾರತಾರೇನು? ದೃಷ್ಟಿ ಆದ್ರ ಸಿಟ್ಟಾಗತಾಳ, ಇಲ್ಲಾ ಬತ್ತಿ ಹೊಕ್ಕಾಳ. ಒಂದ ಗೇಣ ಅಕಿಗೆ ಬಿಟ್ಟು ಹೇಳೂದು ನಮ್ಮ ಹಿರೇರ ರೀತಿ. ಇಳಿಯೂ ಮುಂದ ಖರೇನ ಹೇಳತೀವಿ." ತಡೆದು, ಸಣ್ಣ ದನಿಯಲ್ಲಿ ಕೇಳಿದಳು: "ನನ್ನ ಕೆಲಸಾ ತಗೀತೀರೇನ್ರಿ?"

"ಅದಲ್ಲ ಯವ್ವಾ," ಅಂದಳು ದಾನೇಶ್ವರಿ. ಅಳತೆ ಕಡಿಮೆ ಬಂದರೆ ಗೇಟಿನ ಲೆಕ್ಕ ಹೇಗೆ ತಪ್ಪುತ್ತದೆ, ಎರಡು ಸಲ ಕಾಗಿಗಡ್ಡಿ ಯಾಕೆ ಮುಳುಗಿತು, ಎಲ್ಲ ಬಿಡಿಸಿ ಹೇಳಿದಳು.

ಕೇಳುತ್ತ ಕೇಳುತ್ತ ಮುದುಕಿ ಹುಟ್ಟನ್ನು ಕೆಳಗಿಟ್ಟಳು. "ಗಡ್ಡ್ಯಾಗ ನನ್ನ ತಂಗಿ ಅದಾಳ್ರಿ. ಅಕಿ ಎರಡ ಎಮ್ಮಿ ತೇಲಿ ಹೋದೂ. ನಾನು ಅತ್ತು ಬಂದೇನಿ." ತನ್ನ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ನನ್ನ ಗೇಣ ಅಲ್ಲೀಮಟಾ ಮುಟ್ಟತೈತಿ ಅಂತ ಯಾರೂ ಹೇಳಲೇ ಇಲ್ಲಲ್ರಿ."

"ಇನ್ನ ಮ್ಯಾಲ ಪೂರಾ ಹೇಳತೀರೇನ ಯವ್ವಾ?"

ಚಂದ್ರವ್ವ ಹೊಳೆ ನೋಡಿದಳು, ದಾನೇಶ್ವರಿಯನ್ನು ನೋಡಿದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ನೋಡೂಣ್ರಿ. ಹೊಳಿಗೂ ಒಂದ ಮಾತ ಕೇಳತೇನಿ."

*

ನದಾಫರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾದ ಮೇಲೆ ಕನ್ನಡಕ ಒರೆಸಿಕೊಂಡರು. "ನಮ್ಮಜ್ಜ ಹತ್ತಿ ಹಿಂಜಿ ತೂಗಾವ. ಮೊದಲನೇ ತೂಕಕ್ಕ 'ಒಂದು' ಅಂತಿದ್ದಿಲ್ಲ. 'ಬರ್ಕತ್' ಅಂತಿದ್ದ. ನಿಮ್ಮ ರೈತರು ರಾಶಿ ಅಳೀಯೂ ಮುಂದ 'ಲಾಭ' ಅಂತಾರಲ್ಲ, ಹಂಗ. ನಾವೆಲ್ಲಾ ಒಂದ ಗೇಣ ಬಿಟ್ಟು ಎಣಿಸೋ ಮಂದಿನ."

ಸಮಿತಿಯ ಕಾಗದದಲ್ಲಿ ಅವರೇ ಬರೆದರು: 'ಇಪ್ಪತ್ತೊಂಬತ್ತನೆಯ ತಿರುಪು: ಮೆಟ್ಟಿನಾಳದಲ್ಲಿ ಏರುವ ನೀರನ್ನು ಓದುವ ವಾಡಿಕೆಯಿಂದ ಬರುವ ಅಂತರ.' ಓದುವವಳ ಹೆಸರನ್ನು ಬರೆಯಲಿಲ್ಲ. ಹೆಸರು ಸಿಕ್ಕಿತು, ತಿರುಪು ಉಳಿಯಿತು, ಗೇಟುಗಳು ಹದದ ಕೈಗೆ ಹೋದವು. ಆದರೆ ಒಂದು ಮುಳ್ಳು ದಾನೇಶ್ವರಿಯ ತಲೆಯಲ್ಲಿ ಚುಚ್ಚುತ್ತಲೇ ಇತ್ತು. ಮುದುಕಿ ಇನ್ನು ಮೇಲೆ ನಿಜ ಹೇಳುವವಳೋ, ಗೇಣು ಬಿಡುವವಳೋ? ನಿಜ ಹೇಳಿದರೆ ತಿರುಪು ಬೇಡ, ಬಿಟ್ಟರೆ ಬೇಕು. 'ನೋಡೂಣು' ಅನ್ನುವ ಮಾತಿಗೆ ಯಾವ ಪೆಟ್ಟಿಗೆಯಲ್ಲೂ ಅಂಕಿಯಿಲ್ಲ. ಸದ್ಯ ತಿರುಪು ಇರಲಿ, ಮೊದಲ ಏರಿಕೆ ನೋಡಿ ತೀರ್ಮಾನಿಸಿದರಾಯಿತು ಅಂದುಕೊಂಡಳು.

ಮೊದಲ ಏರಿಕೆ ಬಂದದ್ದು ಹುಬ್ಬಿ ಮಳೆಯ ಮೂರನೆಯ ದಿನ. ಮೇಲಿನ ಊರುಗಳಲ್ಲಿ ಮುಂಜಾವಿನಿಂದ ಸುರಿದಿತ್ತು. ನೆಲ ಬಾಯಿ ಮುಚ್ಚಿ ಎರಡು ವಾರವಾಗಿತ್ತು. ಎಂಟಕ್ಕೆ ಮೆಟ್ಟಿನಾಳದಿಂದ 2.90 ಬಂದಿತ್ತು, ಆಗಿನ್ನೂ ನೀರು ನಿಂತ ನೀರೇ. ಹನ್ನೊಂದಕ್ಕೆ ಪರದೆಯ ಮೇಲೆ ಮೂಡಿತು: 4.41. ಹದ ಗೇಣು ಸೇರಿಸಿ 4.60 ಅಂತ ತಿಳಿದುಕೊಂಡು, ಎರಡು ಗೇಟುಗಳನ್ನು ಸ್ವಲ್ಪ ಎತ್ತಿತು. ಎಲ್ಲ ಸರಿಯಾಗಿತ್ತು.

ಒಂದು ನಿಮಿಷದ ಮೇಲೆ ಇನ್ನೊಂದು ಅಂಕಿ ಬಂತು: 4.60.

ಹದ ಬೆಚ್ಚಿಬಿದ್ದಿತು ಅನ್ನಬೇಕು. ಅದು ಇದಕ್ಕೂ ಗೇಣು ಸೇರಿಸಿತು, 4.79. ಒಂದೇ ನಿಮಿಷದಲ್ಲಿ ಹತ್ತೊಂಬತ್ತು ಸೆಂಟಿಮೀಟರ್! ಇದು ಮಳೆಯ ನೀರಲ್ಲ, ಮೇಲೆಲ್ಲೋ ಕೆರೆ ಒಡೆದಿದೆ ಅಂತ ಲೆಕ್ಕ ಹಾಕಿ, ಕೋಣೆ ತುಂಬ ಕೆಂಪು ದೀಪ ಹೊತ್ತಿಸಿತು. ಬರುವ ನೀರಿಗೆ ಜಾಗ ಮಾಡಲು ಹದಿನಾರೂ ಗೇಟುಗಳನ್ನು ಪೂರ್ತಿ ತೆಗೆಯುವೆ, ಹನ್ನೆರಡು ನಿಮಿಷದಲ್ಲಿ, ಅಂದಿತು. ಯಾರಾದರೂ ಬೇಡವೆನ್ನುವುದಿದ್ದರೆ ಅಷ್ಟರೊಳಗೆ ನಿಲ್ಲಿಸುವ ಗುಂಡಿ ಒತ್ತಬೇಕು. ಆ ಗುಂಡಿ ನದಾಫರ ಮೇಜಿನ ಮೇಲಿತ್ತು.

"ಎಲ್ಲಾ ಗೇಟ ತಗದ್ರ ಒಂದ ತಾಸಿನ್ಯಾಗ ನೀರು ಗಡ್ಡೀ ಮ್ಯಾಲ," ಎಂದರು ನದಾಫರು ಎದ್ದು ನಿಂತು. "ಮಂದಿ ತೋಟದಾಗ ಇರತಾರ. ದೋಣಿ ಎರಡ ತಾಸಿನ ಕೆಲಸ. ತಗೀಲಿಲ್ಲಾ, ಕೆರಿ ಖರೇನ ಒಡದಿತ್ತು, ಬ್ಯಾರೇಜ್ ಒಡದ ಹೊಕ್ಕದ. ಆವಾಗ ಗಡ್ಡೀನ ಇರೂದಿಲ್ಲ. ಅಕಿಗೆ ಫೋನ್ ಹಚ್ಚು ತಂಗೀ!"

ಹಚ್ಚಿದಳು. ಮಳೆಗೆ ಮೆಟ್ಟಿನಾಳದ ಟವರ್ ಸತ್ತಿತ್ತು. ಮತ್ತೆ ಹಚ್ಚಿದಳು. ಹನ್ನೊಂದು ನಿಮಿಷ, ಹತ್ತು. ಮುನ್ನೂರಾ ಹತ್ತು ಜನ. ಅವರಲ್ಲೊಬ್ಬಳು ಎಮ್ಮೆ ಕಳಕೊಂಡ ಆ ತಂಗಿ.

ಅವಳು ಫೋನು ಕೆಳಗಿಟ್ಟು ಪರದೆಯ ಎರಡು ಅಂಕಿಗಳನ್ನು ದಿಟ್ಟಿಸಿದಳು. 4.41. 4.60. ಕೆರೆ ಒಡೆದ ನೀರು ಇಪ್ಪತ್ತು ಏರಬಹುದು, ಹದಿನೇಳು ಏರಬಹುದು, ಎಷ್ಟೂ ಏರಬಹುದು. ಇದು ಏರಿದ್ದು ಹತ್ತೊಂಬತ್ತು. ಕಿರುಬೆರಳಿನಿಂದ ಹೆಬ್ಬೆರಳಿಗೆ. ಕಂಬದ ಹತ್ತಿರ ಕೂತ ಆ ಗಿಡ್ಡ ಮೈ, ಚಾಚಿದ ಆ ಕೈ ಅವಳ ಕಣ್ಣಿಗೆ ಕಟ್ಟಿತು.

"ಸರ್, ಹೊಳಿ ಏರಿಲ್ಲ!" ಅವಳು ಕೂಗಿಯೇಬಿಟ್ಟಳು. "ಎರಡೂ ಒಂದ ಅಳತಿ. ಮೊದಲನೇದು ಹೊಳಿಗೆ ಹೇಳಿದ್ದು, ಗೇಣ ಬಿಟ್ಟು. ಎರಡನೇದು ನಮಗ ಹೇಳಿದ್ದು, ಪೂರಾ. ಹೊಳೀದೂ ಮಾತ ನಡಸ್ಯಾಳ, ನಮ್ಮದೂ ನಡಸ್ಯಾಳ!"

"ಖಾತ್ರಿ ಏನು?"

"ಖಾತ್ರಿ."

"ಮುನ್ನೂರ ಮಂದಿ ಜೀವ, ದಾನೇಶ್ವರಿ."

"ಹೊಳಿ ಬೆರಳ ಎಣಿಸಿ ಏರೂದಿಲ್ಲ ಸರ್. ಅದು ಚಂದ್ರವ್ವನ ಕೈ. ನಾನ ಅಳದೇನಿ."

ನದಾಫರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ಮೂವತ್ತು ವರ್ಷದ ನೌಕರಿಯಲ್ಲಿ ಅವರು ಯಂತ್ರದ ಮಾತು ತಳ್ಳಿಹಾಕಿ ಮನುಷ್ಯರ ಮಾತು ಹಿಡಿದದ್ದು ಕಡಿಮೆ. ಗುಂಡಿಯ ಮೇಲೆ ಬೆರಳಿಟ್ಟು, "ಬರ್ಕತ್," ಅಂದು ಒತ್ತಿದರು. ಕೆಂಪು ದೀಪಗಳು ಆರಿದವು. ದಾನೇಶ್ವರಿ ಎರಡನೆಯ ಅಂಕಿಯಿಂದ ಗೇಣು ತೆಗೆದುಹಾಕಿ, 4.60 ಅನ್ನೇ ನಿಜವೆಂದು ಬರೆದಳು.

ಏರಿಕೆ ಶುರುವಾದ ಮೇಲೆ ತಾಸಿಗೊಂದು ಅಳತೆ; ಮುಂದಿನದು ಬರುವತನಕ ಕಾಯಬೇಕಿತ್ತು. ನದಾಫರು ಮೂರು ಕಪ್ ಚಹಾ ತರಿಸಿದರು, ಮೂರೂ ತಣ್ಣಗಾದವು. ನಿಜಕ್ಕೂ ಕೆರೆ ಒಡೆದಿದ್ದರೆ? ದಾನೇಶ್ವರಿ ಆ ಎರಡು ಅಂಕಿಗಳನ್ನು ಮತ್ತೆ ಮತ್ತೆ ಕಳೆದು ನೋಡಿದಳು. ಹನ್ನೆರಡು ಗಂಟೆಗೆ ಪರದೆ ಮಿನುಗಿತು: 4.52. ಒಂದು ನಿಮಿಷ ಅನ್ನುವುದು ಎಷ್ಟು ಉದ್ದ! 4.71. ಸರಿಯಾಗಿ ಹತ್ತೊಂಬತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನದಾಫರು ತಣ್ಣಗಾದ ಚಹಾವನ್ನೇ ಒಂದರ ಮೇಲೊಂದು ಕುಡಿದರು.

ಸಂಜೆ ಟವರಿಗೆ ಜೀವ ಬಂದಾಗ ಚಂದ್ರವ್ವ ತಾನೇ ಫೋನ್ ಮಾಡಿದಳು. "ಎರಡೂ ಮುಟ್ಟಿದುವೇನ್ರಿ ಅಕ್ಕಾರ? ಮೊದಲಿಂದು ಅಕಿದು, ಹಿಂದಿಂದು ನಿಮ್ದು. ನೋಡೂಣು ಅಂದಿದ್ನಲ್ಲ."

"ಮುಟ್ಟಿದೂ ಯವ್ವಾ," ಅಂದಳು ದಾನೇಶ್ವರಿ. ಆ ಹನ್ನೆರಡು ನಿಮಿಷದ ಸುದ್ದಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಗಡ್ಡಿಯಲ್ಲಿ ಅಂದು ಯಾರ ತೋಟದ ಒಂದು ಬದನೆಗಿಡವೂ ಒದ್ದೆಯಾಗಲಿಲ್ಲ.

ಆ ವಾರವೇ ಅವಳು ಹದಕ್ಕೆ ಹೊಸ ಪಾಠ ಕಲಿಸಿದಳು: ಮೆಟ್ಟಿನಾಳದಿಂದ ಜೋಡಿ ಅಂಕಿ ಬರುತ್ತವೆ. ಮೊದಲನೆಯದು ಹೊಳೆಯ ಪಾಲು, ಅದರ ಗೊಡವೆ ನಿನಗೆ ಬೇಡ. ಎರಡನೆಯದರ ಮೇಲೆ ಗೇಟು ನಡೆಸು. ಇಪ್ಪತ್ತೊಂಬತ್ತನೆಯ ತಿರುಪನ್ನು ಮಾತ್ರ ಕೀಳಲಿಲ್ಲ. ಎರಡರ ನಡುವಿನ ಅಂತರ ನೋಡಿಕೊಂಡಿರಲಿ ಅಂತ ಬಿಟ್ಟಳು.

*

ಮರುವರ್ಷ ಮತ್ತೆ ಹುಬ್ಬಿ ಮಳೆ. ಕೂಸು ಈಗ ಮನೆ ತುಂಬ ಓಡುತ್ತಿತ್ತು. ಮಧ್ಯಾಹ್ನ ಎರಡಕ್ಕೆ ದಾನೇಶ್ವರಿ ಡಬ್ಬಿ ಮುಚ್ಚಿ ಪರದೆಯ ಮುಂದೆ ಬಂದಾಗ, ಹದ ಒಂದು ಸಾಲು ಬರೆದಿತ್ತು: 'ಇಪ್ಪತ್ತೊಂಬತ್ತನೆಯ ತಿರುಪು ಬದಲಾಗಿದೆ. 0.19 ಇದ್ದದ್ದು 0.21.'

ಅದು ಹಿಂದೆ ಬದಲಾದದ್ದು ಒಂದೇ ಸಲ, ಚಂದ್ರವ್ವನ ಗಂಡ ಹೋದಾಗ. ದಾನೇಶ್ವರಿ ಕೂಡಲೇ ಫೋನ್ ಹಚ್ಚಿದಳು. ಗಂಟೆ ಬಾರಿಸಿತು, ಬಾರಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು.

"ಯಾರ್ರಿ?" ಅಂತು ಆ ಕಡೆಯ ದನಿ.

"ಯವ್ವಾ! ನೀವ ಏನು? ಅರಾಮ ಅದೀರೇನು?"

"ನಾನ ಅಲ್ದ ಇನ್ಯಾರ? ಮಣಕಾಲ ಕೈ ಕೊಟ್ಟೂ ಅಕ್ಕಾರ. ಮೆಟ್ಟಲ ಇಳಿಯಾಕ ಆಗವಲ್ದು. ಮುಂಜಾನಿಂದ ಸೊಸಿ ಇಳದು ನೋಡಾಕತ್ಯಾಳ. ನಾನೂ ಇನ್ನ ಯಾರಿಗೂ ಹೇಳಿಲ್ಲ, ನಿಮಗ ಹ್ಯಾಂಗ ಗೊತ್ತಾತು?"

ದಾನೇಶ್ವರಿ ಕಣ್ಣೊರೆಸಿಕೊಂಡು ನಕ್ಕಳು. "ನಮ್ಮ ಪೆಟಗಿ ಹೇಳಿತು. ಕೈ ಬ್ಯಾರೆ ಅದ ಅಂತ."

ಆ ಕಡೆ ಮುದುಕಿ "ಅಬಬಾ!" ಅಂದಳು. ಆಮೇಲೆ ಗುಟ್ಟಿನ ದನಿಯಲ್ಲಿ ಕೇಳಿದಳು: "ಎಷ್ಟ ಬಂತ್ರಿ ಅಕಿ ಗೇಣ?"

"ಇಪ್ಪತ್ತೊಂದು."

"ನನಗಿಂತ ಎರಡ ಹೆಚ್ಚ! ಬಿಡ್ರಿ, ಹೊಳಿಗೆ ಚಲೋ ಆತು."

ಪರದೆಯ ಮೇಲೆ ಆಗ ಮೆಟ್ಟಿನಾಳದ ಹೊಸ ಜೋಡಿ ಮೂಡಿತು: 5.29, ಅದರ ಹಿಂದೆ 5.50. ಹದ ಮೂರೂವರೆ ತಾಸು ಮುಂಚಿತವಾಗಿಯೇ ಕಾಗಿಗಡ್ಡಿಯ ಸೈರನ್ ಒತ್ತಿತ್ತು. ಗಡ್ಡಿಯ ಜನ, ಚಂದ್ರವ್ವನ ತಂಗಿ, ಅವಳ ಹೊಸ ಎಮ್ಮೆ, ಎಲ್ಲರೂ ದೋಣಿ ಹತ್ತುತ್ತಿರುವುದನ್ನು ಪಕ್ಕದ ಪರದೆ ತೋರಿಸುತ್ತಿತ್ತು. ಹತ್ತು ವರ್ಷದಲ್ಲಿ ಇಷ್ಟು ದೊಡ್ಡ ನೀರು ಬಂದಿರಲಿಲ್ಲ.

"ಯವ್ವಾ, ಹೊಳಿ ಹ್ಯಾಂಗದ ಈಗ?" ಅಂತ ಕೇಳಿದಳು ದಾನೇಶ್ವರಿ.

ಫೋನಿನ ಹಿಂದೆ ನೀರಿನ ಮೊರೆತ ಕೇಳಿಸುತ್ತಿತ್ತು. "ಏನ್ ಬಿಡ್ರಿ ಅಕ್ಕಾರ," ಅಂದಳು ಚಂದ್ರವ್ವ. "ಒಂದೀಟ ಬಂದಾಳ."

"ಹೌದ್ರಿ," ಅಂದಳು ದಾನೇಶ್ವರಿ, 5.50 ಅನ್ನೇ ನೋಡುತ್ತ. "ಇಲ್ಲೂ ಹಂಗ ತೋರಸತದ. ಒಂದೀಟ."